ಹುಣ್ಣಿಮೆ ಗುಡಿಗೆ ಹಳದಿ ಬಣ್ಣ

ಭೈರವೇಶ್ವರ ನೋಡ್ತಿದ್ದಾನೆ

ಗೊಟ್ಟಿಗೆರೆ, ಬೆಂಗಳೂರು
12 ಸೆಪ್ಟೆಂಬರ್ 2025

ಚಿತ್ರ ಬರೆಯುವ ಕೈಲಾಸ್ ಅವರಿಗೆ,

ನಾನು ಬೈರಮ್ಮ. ನನ್ನನ್ನು ನೀವು ನೋಡಿಲ್ಲ. ನಮ್ಮ ಅವ್ವ ಅಂಜನಮ್ಮನನ್ನು ನೋಡಿದ್ದೀರಿ, ತಕರಾರು ಅದೇ. ಜಯನಗರದ ಪ್ರದರ್ಶನದಲ್ಲಿ ಕೊಟ್ಟ ಕಾರ್ಡಿನಲ್ಲಿ ನಿಮ್ಮ ಧಾರವಾಡದ ವಿಳಾಸ ಇತ್ತು. ಫೋನ್ ನಂಬರೂ ಇತ್ತು. ಫೋನ್ ಮಾಡಿದರೆ ನನ್ನ ಬಾಯಿಂದ ಏನೇನು ಬರುತ್ತೋ ನನಗೇ ಗೊತ್ತಿಲ್ಲ. ಅದಕ್ಕೆ ಕಾಗದ.

ನಮ್ಮ ತಮ್ಮ ಮನೋಜನಿಗೆ ಕಿಡ್ನಿ ಹೋಗಿತ್ತು. ಡಾಕ್ಟರು ಮಾಡೋದನ್ನು ಡಾಕ್ಟರು ಮಾಡ್ತಿದ್ದರು. ಅವ್ವ ಮಾಡೋದನ್ನು ಅವ್ವ ಮಾಡಿದಳು. ಕೆರೆ ಹಿಂದಿನ ಪಾಳುಗುಡಿಯ ಭೈರವೇಶ್ವರ ನಮ್ಮ ಮನೆದೇವರು. ಯಾರದಾದರೂ ಜೀವಕ್ಕೆ ಕುತ್ತು ಬಂದಾಗ ನಮ್ಮ ಮನೆ ಹೆಂಗಸರು ಮೂರು ಹುಣ್ಣಿಮೆ ಆ ಗುಡಿ ಸುತ್ತೋದು ಹಿಂದಿನಿಂದ ನಡೆದು ಬಂದಿದೆ. ತಲೆ ಮೇಲೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ, ಕೂದಲು ಬಿಟ್ಟುಕೊಂಡು, ಒಂದು ಮಾತೂ ಆಡದೆ ಸುತ್ತಬೇಕು. ಯಾರ ಕಣ್ಣಿಗೂ ಬೀಳಬಾರದು. ಬಿದ್ದರೆ ಹರಕೆ ಕೆಟ್ಟಿತು ಅಂತ ಅರ್ಥ.

ಸಂಕ್ರಾಂತಿ ಹಿಂದಿನ ದಿನದ ಹುಣ್ಣಿಮೆಯಿಂದ ಹೋಳಿ ಹುಣ್ಣಿಮೆವರೆಗೆ ಅವ್ವ ಸುತ್ತಿದಳು. ಯುಗಾದಿ ಕಳೆದ ಮೇಲೆ ಮನೋಜ ಹೋದ. ದೇವರು ಕೊಟ್ಟ ಆಯಸ್ಸು ಅಷ್ಟೇ ಅಂತ ಎಲ್ಲರೂ ಸುಮ್ಮನಾದೆವು.

ಹೋದ ವಾರ ಮನೋಜನ ಹೆಂಡತಿ ಬಿಂದುಶ್ರೀ ಜಯನಗರಕ್ಕೆ ಬಟ್ಟೆ ತರೋಕೆ ಹೋಗಿ ನಿಮ್ಮ ಬ್ಯಾನರ್ ನೋಡಿದಳು. ಒಳಗೆ ಹೋಗಿ ನೋಡಿದರೆ ನಮ್ಮ ಗುಡಿ, ನಮ್ಮ ಮುರಿದ ಕಂಬ, ನಮ್ಮ ಅವ್ವ. ಮಾರನೇ ದಿನ ನಾನೂ ಹೋಗಿ ನೋಡಿ ಬಂದೆ. ಮುಖ ಕಾಣಿಸದಿದ್ದರೇನು, ಬಲಗೈ ಸೊಂಟದ ಮೇಲೆ ಇಟ್ಟು ಎಡ ಹೆಗಲು ಇಳಿಬಿಟ್ಟು ನಡೆಯೋಳು ಇಡೀ ಊರಿಗೆ ಅವಳೊಬ್ಬಳೇ. ಒದ್ದೆ ಸೀರೆ ಮೈಗೆ ಅಂಟಿಕೊಂಡಿರೋದನ್ನೂ ಬಿಡದೆ ಬರೆದಿದ್ದೀರಿ.

ಬಿಂದುಶ್ರೀ ಮನೆಗೆ ಬಂದವಳೇ ಕೇಳಿದಳು. "ಅತ್ತೆ, ನಿಮ್ಮನ್ನ ಅಲ್ಲಿ ಯಾರೋ ನೋಡಿದ್ದಾರೆ. ನಿಮಗೆ ಗೊತ್ತಿತ್ತಾ?" ಅವ್ವ ಒಲೆ ಕಡೆ ತಿರುಗಿಕೊಂಡಳು. "ಗೊತ್ತಿದ್ದೂ ಸುತ್ತಿದ್ದರೆ ನನ್ನ ಗಂಡನನ್ನ ತಿಂದವರು ನೀವೇ" ಅಂದುಬಿಟ್ಟಳು. ನಾವಿರೋದು ಒಂದೇ ಕಟ್ಟಡ. ಕೆಳಗೆ ನಾನು, ಅವ್ವ. ಮೇಲೆ ಅವಳು, ಮಗಳು ಚೈತನ್ಯ. ಸಂಜೆ ಮೊಮ್ಮಗಳಿಗೆ ತುತ್ತು ಕೊಟ್ಟು ಆಮೇಲೆ ತಾನು ಉಣ್ಣೋದು ಅವ್ವನ ರೂಢಿ. ಈಗ ಮಗುವನ್ನು ಮೆಟ್ಟಿಲು ಇಳಿಯೋಕೆ ಬಿಡ್ತಿಲ್ಲ. ಅವ್ವ ತಟ್ಟೆ ಮುಂದೆ ಕೂತು ಎದ್ದು ಹೋಗ್ತಾಳೆ.

ನೀವು ಒಂದು ಕೆಲಸ ಮಾಡಬೇಕು. ಕಂಬದ ಮರೆಯಲ್ಲಿ ನಿಂತು ಕದ್ದು ನೋಡಿದೆ, ಆ ತಾಯಿಗೆ ಗೊತ್ತೇ ಇರಲಿಲ್ಲ ಅಂತ ನಿಮ್ಮ ಕೈಯಾರೆ ಬರೆದು ಕಳಿಸಿ. ಬಿಂದುಶ್ರೀಗೆ ತೋರಿಸ್ತೀನಿ. ಚಿತ್ರ ಗೋಡೆಯಿಂದ ಇಳಿಸಿ. ಇಷ್ಟು ಮಾಡಿದರೆ ನಿಮ್ಮ ಪಾಡಿಗೆ ನೀವು.

ಬೈರಮ್ಮ

---

ಧಾರವಾಡ
20 ಸೆಪ್ಟೆಂಬರ್ 2025

ಮಾನ್ಯ ಬೈರಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಎರಡು ದಿನ ಕುಂಚ ಮುಟ್ಟಲಿಲ್ಲ. ನಿಮ್ಮ ತಮ್ಮನವರು ತೀರಿಕೊಂಡದ್ದು ನನಗೆ ಗೊತ್ತಿರಲಿಲ್ಲ. ಗುಣವಾಗಿರಬಹುದು ಎಂದೇ ಅಂದುಕೊಂಡಿದ್ದೆ.

ಪ್ರದರ್ಶನ ಮುಗಿದಿದೆ. ಆ ಚಿತ್ರ ಆಗಲೇ ಒಬ್ಬರ ಮನೆ ಸೇರಿದೆ, ಹಿಂದಕ್ಕೆ ಕೇಳಲಾರೆ. ಅದರಲ್ಲಿ ಅವಮಾನ ಮಾಡುವ ಉದ್ದೇಶ ಇರಲಿಲ್ಲ. ಆ ಕಲ್ಲುಗಳ ನಡುವೆ ಅಷ್ಟು ಗಟ್ಟಿಯಾಗಿ ನಿಂತ ಇನ್ನೊಂದು ಜೀವವನ್ನು ನಾನು ಕಂಡಿಲ್ಲ.

ನೀವು ಕೇಳಿದ ಇನ್ನೊಂದನ್ನು ಮಾಡಲಾರೆ. ಕದ್ದು ನೋಡಿದೆ ಎಂದು ಬರೆದುಕೊಡಲು ನಾನು ಕಳ್ಳನಲ್ಲ. ಇದಕ್ಕಿಂತ ಹೆಚ್ಚು ಹೇಳುವ ಹಾಗಿಲ್ಲ. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ಕೈಲಾಸ್

---

ಭೈರವೇಶ್ವರನಿಗೆ ಬಿಟ್ಟಿದ್ದೀನಿ

ಗೊಟ್ಟಿಗೆರೆ
28 ಸೆಪ್ಟೆಂಬರ್ 2025

ಕೈಲಾಸ್ ಅವರಿಗೆ,

ನಿಮ್ಮ ಕಾಗದ ಬಂತು. ಬರೆದುಕೊಡೋದಿಲ್ಲ ಅಂದಿರಿ, ಆಯ್ತು. ದೊಡ್ಡವರ ಜೊತೆ ನಾನೇನು ಜಗಳ ಆಡಲಿ. ನಮಸ್ಕಾರ ಅವ್ವನಿಗೆ ತಿಳಿಸಲಿಲ್ಲ. ತಿಳಿಸಿದರೆ ಯಾರು ಅಂತ ಹೇಳಲಿ?

ಒಂದು ಮಾತು ಕೇಳಬೇಕು ಅನ್ನಿಸಿತು. ನಾನು ಏಳನೇ ಕ್ಲಾಸು ಓದಿದವಳು, ತಪ್ಪು ತಿಳಿಯಬೇಡಿ. ಕತ್ತಲಲ್ಲಿ ಬಣ್ಣ ಹೇಗೆ ಗೊತ್ತಾಗುತ್ತೆ? ಟಾರ್ಚು ಇಟ್ಟುಕೊಳ್ತೀರಾ? ನಮ್ಮ ಗುಡಿಗೇ ಯಾಕೆ ಅಷ್ಟು ದೂರದಿಂದ ಬರೋದು, ಧಾರವಾಡದ ಕಡೆ ಪಾಳುಗುಡಿ ಇಲ್ಲವಾ? ಮತ್ತೆ ಯಾವಾಗ ಬರ್ತೀರಿ?

ಸುಮ್ಮನೆ ಕೇಳಿದೆ.

ಬೈರಮ್ಮ

---

ಧಾರವಾಡ
6 ಅಕ್ಟೋಬರ್ 2025

ಪ್ರಿಯ ಬೈರಮ್ಮನವರೆ,

ನಿಮ್ಮ ಪತ್ರ ಓದಿ ಎಷ್ಟು ಹಗುರಾಯಿತು ಎಂದರೆ ಹೇಳಲಾರೆ. ನನ್ನ ಕೆಲಸದ ಬಗ್ಗೆ ಇಷ್ಟು ಸರಿಯಾದ ಪ್ರಶ್ನೆಯನ್ನು ಪತ್ರಿಕೆಯವರೂ ಕೇಳಿಲ್ಲ.

ಟಾರ್ಚು ಇಲ್ಲ. ಬೆಳದಿಂಗಳಲ್ಲಿ ಕೆಂಪೂ ಕಪ್ಪೇ, ಹಸಿರೂ ಕಪ್ಪೇ. ಅದಕ್ಕೆ ಹಲಗೆಯ ಮೇಲೆ ಬಣ್ಣಗಳನ್ನು ಸಂಜೆಯೇ ಒಂದು ಕ್ರಮದಲ್ಲಿ ಹಿಂಡಿ ಇಟ್ಟುಕೊಳ್ಳುತ್ತೇನೆ. ಹೆಬ್ಬೆರಳ ಹತ್ತಿರ ಬಿಳಿ, ಆಮೇಲೆ ಬೂದಿ ಬಣ್ಣ, ನೀಲಿ, ಕಂದು, ಕೊನೆಗೆ ಕಪ್ಪು. ಒಮ್ಮೆ ನೀಲಿಯ ಬದಲು ಕಡುಗೆಂಪು ಹಿಂಡಿಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಚಿತ್ರದಲ್ಲಿ ನಿಮ್ಮ ಗುಡಿಯ ಕಲ್ಲು ಬಸವಣ್ಣನ ಬೆನ್ನೆಲ್ಲ ದಾಳಿಂಬೆ ಬಣ್ಣ. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣ ಬೇಗ ಒಣಗುವುದಿಲ್ಲ, ಹಾಗಾಗಿ ಒರೆಸಿ ತಿದ್ದಿದೆ.

ಕಣ್ಣು ಕತ್ತಲೆಗೆ ಒಗ್ಗಲು ಬಹಳ ಹೊತ್ತು ಬೇಕು. ಒಗ್ಗಿದ ಮೇಲೆ ಕಲ್ಲು ತಾನೇ ಬೆಳಗುತ್ತದೆ. ಆದರೆ ದೂರದಲ್ಲಿ ಒಂದು ಬಲ್ಬು ಹೊತ್ತಿದರೂ ಸಾಕು, ನಾನು ಕುರುಡ. ಆ ರಾತ್ರಿ ಮುಗಿದಂತೆ. ಉತ್ತರಹಳ್ಳಿಯ ಕಡೆ ಹುಡುಕಿದೆ, ಕೋಣನಕುಂಟೆಯಲ್ಲೂ ಅಲೆದೆ. ಎಲ್ಲ ಕಡೆ ಲೇಔಟಿನ ದೀಪ. ದೊಡ್ಡ ಊರೊಂದರ ಒಳಗೆ ಹೀಗೆ ಕತ್ತಲನ್ನು ಉಳಿಸಿಕೊಂಡ ಗುಡಿ ನಿಮ್ಮದೊಂದೇ. ಅದರ ಬೆಲೆಯೇ ಅದು.

ನಾಳೆಯ ಹುಣ್ಣಿಮೆಗೆ ಮೋಡ ಎನ್ನುತ್ತಿದ್ದಾರೆ, ಬರುವುದಿಲ್ಲ. ನವೆಂಬರ್ ಐದರ ಕಾರ್ತಿಕ ಹುಣ್ಣಿಮೆಗೆ ಖಂಡಿತ ಬರುತ್ತೇನೆ. ಒಂದು ವರ್ಷದ ಹುಣ್ಣಿಮೆಗಳ ಸಾಲು ಇದು, ಕಾರ್ತಿಕದ್ದು ಕೊನೆಯ ಚಿತ್ರ. ಅದಾದರೆ ಸಾಲು ದೆಹಲಿಗೆ ಹೋಗುತ್ತದೆ, ಆಗದಿದ್ದರೆ ಇಲ್ಲ. ಇಪ್ಪತ್ತು ವರ್ಷ ಇದಕ್ಕೆ ಕಾದಿದ್ದೇನೆ. ನೀವೂ ಬನ್ನಿ.

ಕೈಲಾಸ್

---

ಧಾರವಾಡ
7 ನವೆಂಬರ್ 2025

ಬೈರಮ್ಮನವರೆ,

ನೀವೇನಾ?

ಬುಧವಾರ ಸಂಜೆ ಹಲಗೆ, ಸ್ಟ್ಯಾಂಡು ಹೊತ್ತುಕೊಂಡು ಕೆರೆ ಏರಿ ಹತ್ತಿದೆ. ಏರಿಯಿಂದಲೇ ಕಣ್ಣು ಕುಕ್ಕಿತು. ಬೂದಿ ಬಣ್ಣದ ಕಲ್ಲುಕಂಬಗಳಿಗೆಲ್ಲ ಹಳದಿ ಆಯಿಲ್ ಪೇಂಟು. ಅಂಚಿಗೆ ಕೆಂಪು ಪಟ್ಟಿ. ಬಸವಣ್ಣನಿಗೆ ಬೆಳ್ಳಿ ಬಣ್ಣ, ಕಣ್ಣಿಗೆ ಕಾಡಿಗೆ. ಬಿರುಕಿಗೆ ಸಿಮೆಂಟು, ನೆಲಕ್ಕೆ ಬಾತ್‌ರೂಮಿನ ಟೈಲ್ಸು. ನಾಲ್ಕೂ ಮೂಲೆಯಲ್ಲಿ ಫೋಕಸ್ ಲೈಟು. ಚಂದ್ರ ಯಾವ ಕಡೆ ಇದ್ದಾನೆಂದು ಹುಡುಕಬೇಕಾಯಿತು.

ಅಲ್ಲಿ ಪ್ರಸಾದ ಹಂಚುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಎಲ್ಲ ನಮ್ಮ ಬೈರಮ್ಮನ ಓಡಾಟ ಸಾರ್. ಒಂದು ತಿಂಗಳಲ್ಲಿ ಎಬ್ಬಿಸಿಬಿಟ್ಟಳು" ಎಂದರು. ಹೆಮ್ಮೆಯಿಂದ ಎಂದರು.

ನಾನು ಬರೆದದ್ದನ್ನೇ ಓದಿಕೊಂಡು ನನ್ನ ಕಣ್ಣು ಕಿತ್ತಿರಿ. ದೆಹಲಿಯವರಿಗೆ ಇಲ್ಲ ಎಂದು ತಿಳಿಸಿದ್ದೇನೆ. ಏಳುನೂರು ವರ್ಷ ನಿಂತ ಕಲ್ಲು ನಿಮಗೇನು ಮಾಡಿತ್ತು?

ಕೈಲಾಸ್

---

ಭೈರವೇಶ್ವರ ಮಾಡಿಸಿದ

ಗೊಟ್ಟಿಗೆರೆ
12 ನವೆಂಬರ್ 2025

ಕೈಲಾಸ,

ನಾನೇ. ಇನ್ನು ನಿನಗೆ ಬಹುವಚನ ಬೇಡ.

ಕಲ್ಲು ನನಗೇನೂ ಮಾಡಿರಲಿಲ್ಲ. ನೀನು ಮಾಡಿದ್ದೆ. ಎರಡು ಸಾಲು ಬರೆದುಕೊಡು ಅಂತ ಬೇಡಿದೆ. ಕಳ್ಳನಲ್ಲ ಅಂದೆ. ಕಳ್ಳನಾಗಿದ್ದರೆ ವಾಸಿ ಇತ್ತು, ಮಾನ ಇರೋನು ಅಂತ ತೋರಿಸಿಕೊಳ್ಳೋಕೆ ನಮ್ಮ ಅವ್ವನ ಊಟ ಕಿತ್ತುಕೊಂಡೆ.

ಬಲ್ಬು ಹೊತ್ತಿದರೆ ಕುರುಡ ಅಂತ ಬರೆದ ನಿನ್ನ ಕಾಗದ ಬಂದ ಮಾರನೇ ದಿನವೇ ಊರ ಹಿರಿಯರು ತಿಮ್ಮರಾಯಪ್ಪನವರ ಮನೆಗೆ ಹೋದೆ. "ಏನಮ್ಮ ಬೈರಮ್ಮ, ಇಷ್ಟು ವರ್ಷ ಇಲ್ಲದ ಭಕ್ತಿ ಈಗ ಉಕ್ಕಿದೆ" ಅಂದರು. "ನಿಮ್ಮ ಮನೆ ಗೇಟಿಗೆ ಮೂರು ಲೈಟು, ಮನೆದೇವರು ಕತ್ತಲಲ್ಲಿ ಕೂತವ್ನೆ, ನಾಚಿಕೆ ಆಗಲ್ವಾ ದೊಡ್ಡಪ್ಪ" ಅಂದೆ. ಅಷ್ಟೇ. ಬಾಡಿಗೆ ಬರೋ ಮನೆ ಇರೋರೆಲ್ಲ ನಾ ಮುಂದು ತಾ ಮುಂದು ಅಂತ ಬಂದರು. ಪೇಂಟ್ ಅಂಗಡಿಯವನು "ಯಾವ ಹಳದಿ ಕೊಡಲಿ ಅಕ್ಕ" ಅಂದ. "ಕಣ್ಣಿಗೆ ಚುಚ್ಚೋದು ಕೊಡು" ಅಂದೆ. ನಿನ್ನದೂ ಆಯಿಲ್ ಪೇಂಟು, ನಮ್ಮದೂ ಆಯಿಲ್ ಪೇಂಟು. ನಮ್ಮದು ಬೇಗ ಒಣಗುತ್ತೆ.

ಲೈಟು ಎಲ್ಲೆಲ್ಲಿ ಹಾಕಬೇಕು ಅಂತ ಎಲೆಕ್ಟ್ರಿಷಿಯನ್ನಿಗೆ ನಾನೇ ನಿಂತು ತೋರಿಸಿದೆ. ನೀನು ಎಲ್ಲಿ ಕೂತು ಬರೆದಿದ್ದೀಯ ಅಂತ ನಿನ್ನ ಚಿತ್ರ ನೋಡಿದರೇ ತಿಳಿಯುತ್ತೆ. ಒಂದು ಲೈಟು ಸರಿಯಾಗಿ ಆ ಜಾಗಕ್ಕೇ ಮುಖ ಮಾಡಿದೆ.

ಇಪ್ಪತ್ತು ವರ್ಷ ಕಾದೆ ಅಂದೆಯಲ್ಲ. ನಮ್ಮ ಅವ್ವ ಮಗನನ್ನು ಮೂವತ್ತೊಂಬತ್ತು ವರ್ಷ ಸಾಕಿದಳು. ಲೆಕ್ಕ ನೀನೇ ಹಾಕಿಕೋ.

ಪೂಜೆ ದಿನ ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಬೆಳಕು ನೋಡಿ ಬಾಗಿಲಲ್ಲೇ ನಿಂತಳು. ಸಂತೋಷಕ್ಕೆ ಒಳಗೆ ಬರೋದೇ ಮರೆತಳು ಅಂತ ಕಾಣುತ್ತೆ. ಬಿಂದುಶ್ರೀ ಮಾತ್ರ ಇನ್ನೂ ಕರಗಿಲ್ಲ. ಅದೂ ನಿನ್ನ ಲೆಕ್ಕಕ್ಕೇ.

ಬೈರಮ್ಮ

---

ಧಾರವಾಡ
25 ನವೆಂಬರ್ 2025

ಬೈರಮ್ಮನವರೆ,

ಇದನ್ನು ಬರೆಯಬಾರದೆಂದು ಮಾತು ಕೊಟ್ಟಿದ್ದೆ. ನಿಮ್ಮ ಪತ್ರ ಓದಿದ ಮೇಲೆ ಆ ಮಾತು ಉಳಿಸಿಕೊಳ್ಳುವಷ್ಟು ಒಳ್ಳೆಯವನಾಗಿ ನಾನು ಉಳಿದಿಲ್ಲ. ನೀವು ನನ್ನಿಂದ ಒಂದನ್ನು ಕಿತ್ತುಕೊಂಡಿರಿ, ನಾನೂ ನಿಮ್ಮಿಂದ ಒಂದನ್ನು ಕಿತ್ತುಕೊಳ್ಳುತ್ತೇನೆ.

ನಾನು ಕದ್ದು ನೋಡಲಿಲ್ಲ. ನಿಮ್ಮ ತಾಯಿಯೇ ನನ್ನನ್ನು ಕೂರಿಸಿದರು.

ಜನವರಿಯ ಹುಣ್ಣಿಮೆ. ನಾನು ಬಣ್ಣ ಹಚ್ಚುತ್ತಿದ್ದೆ. ನಾಯಿಗಳು ಒಂದು ಜೀವವನ್ನು ಅಟ್ಟಿಸಿಕೊಂಡು ಬಂದವು. ಕಲ್ಲೆಸೆದು ಓಡಿಸಿದೆ. ಒದ್ದೆ ಸೀರೆಯಲ್ಲಿ ನಡುಗುತ್ತಾ ಒಬ್ಬ ಮುದುಕಿ. "ಯಾರಪ್ಪಾ ನೀನು?" ಎಂದರು. ಹೇಳಿದೆ. "ಧಾರವಾಡದೋನಾ, ಅದಕ್ಕೇ ಹಾಡಿದಂಗೆ ಮಾತಾಡ್ತೀಯ" ಎಂದರು. ನಾನು ಹೊರಡುತ್ತೇನೆ ಎಂದೆ. ಬೇಡ ಎಂದರು. ಮಗನ ಕಾಯಿಲೆ ಹೇಳಿದರು, ಹರಕೆ ಹೇಳಿದರು. "ಯಾರೂ ನೋಡಬಾರದು. ಆದ್ರೆ ಒಬ್ಬಳೇ ಸುತ್ತೋಕೆ ನಂಗೆ ಭಯ ಕಣಪ್ಪ. ಈ ವಯಸ್ಸಿಗೆ ಭಯ ಅಂದ್ರೆ ಮಗಳು ನಗ್ತಾಳೆ. ನೀನು ಅಲ್ಲೇ ಕೂತಿರು, ಆಗಾಗ ಕೆಮ್ಮು. ನಮ್ಮ ಯಜಮಾನರು ಹಂಗೇ ಕೆಮ್ಮೋರು. ದೇವರಿಗೆ ನಾನು ಹೇಳ್ಕೊತೀನಿ."

ಕೆಮ್ಮಿದೆ. ಮೂರು ಹುಣ್ಣಿಮೆಯೂ ಕೂತು ಕೆಮ್ಮಿದೆ. ಕೊನೆಯ ಸಲ ಹಸಿ ಚಿತ್ರ ನೋಡಿ, "ನನ್ನನ್ನೂ ಹಾಕಿದ್ಯಾ? ಸೊಂಟ ಇಷ್ಟು ದಪ್ಪ ಇಲ್ಲ ಬಿಡು" ಎಂದು ನಕ್ಕರು. ಹೋಗುವಾಗ, ಯಾರಿಗೂ ಹೇಳಬೇಡ ಎಂದು ಕೈ ಮೇಲೆ ಕೈ ಇರಿಸಿಕೊಂಡು ಮಾತು ತೆಗೆದುಕೊಂಡರು.

ಅವರು ಬಾಗಿಲಲ್ಲಿ ನಿಂತದ್ದು ಸಂತೋಷಕ್ಕಲ್ಲ.

ಈಗ ಹೇಳಿ, ಹರಕೆ ಕೆಡಿಸಿದವರು ಯಾರು?

ಕೈಲಾಸ್

---

ಗೊಟ್ಟಿಗೆರೆ
22 ಡಿಸೆಂಬರ್ 2025

ಕೈಲಾಸ್ ಅವರಿಗೆ,

ಈ ಸಲ ಮೇಲೆ ದೇವರ ಹೆಸರು ಬರೆದಿಲ್ಲ. ಯಾಕೆ ಅಂತ ಓದಿದರೆ ತಿಳಿಯುತ್ತೆ.

ನಿಮ್ಮ ಕಾಗದ ಬಂದ ದಿನ ಸುಳ್ಳು ಅಂದುಕೊಂಡೆ. ಆಮೇಲೆ ನಿಮ್ಮ ಮೊದಲನೇ ಕಾಗದ ತೆಗೆದು ಓದಿದೆ. "ಗುಣವಾಗಿರಬಹುದು ಎಂದೇ ಅಂದುಕೊಂಡಿದ್ದೆ" ಅಂತ ಇದೆ. ಮನೋಜನಿಗೆ ಹುಷಾರಿಲ್ಲ ಅಂತ ನಿಮಗೆ ಹೇಳಿದವರು ಯಾರು ಅಂತ ನನಗೆ ಆವತ್ತು ಹೊಳೆಯಲಿಲ್ಲ. ಸಿಟ್ಟಲ್ಲಿ ಓದಿದರೆ ಹಾಗೇ ಆಗೋದು.

ಆದರೂ ಅವ್ವನನ್ನು ಕೇಳೋಕೆ ಬಾಯಿ ಬರಲಿಲ್ಲ. ಒಂದು ಮಧ್ಯಾಹ್ನ ಜಗಲಿ ಮೇಲೆ ಅವರೆಕಾಳು ಹಿದುಕುತ್ತಾ ಕೂತಿದ್ದಳು. ನಾನು ಹಿಂದೆ ಹೋಗಿ ನಿಂತು ಗಂಡಸರ ಹಾಗೆ ಒಂದು ಸಲ ಕೆಮ್ಮಿದೆ. ಅವ್ವನ ಕೈ ನಿಂತಿತು. ತಿರುಗಿ ನನ್ನ ಮುಖ ನೋಡಿದಳು. ನಾನೂ ನೋಡಿದೆ. ಆಮೇಲೆ ಇಬ್ಬರೂ ಕೂತು ಅಷ್ಟೂ ಕಾಳು ಹಿದುಕಿದೆವು. ಅವ್ವ ಒಂದೇ ಮಾತು ಕೇಳಿದಳು. "ಬಿಂದುಗೆ ಗೊತ್ತಾಯ್ತಾ?"

ಇಲ್ಲ ಅಂದೆ. ಗೊತ್ತಾಗಲೂ ಕೂಡದು.

ನಿಮ್ಮ ಪ್ರಶ್ನೆಗೆ ಜವಾಬು ನನಗೆ ಗೊತ್ತು. ನನ್ನ ನಂಬಿಕೆ ನನ್ನದು, ನಿಮ್ಮ ಹಾಗೆ ಬೇಕಾದಾಗ ತಿದ್ದೋಕೆ ಅದು ಹಸಿ ಬಣ್ಣ ಅಲ್ಲ. ಯಾರೂ ನೋಡಬಾರದಿತ್ತು, ನೀವು ನೋಡಿದಿರಿ. ಮಾತಾಡಬಾರದಿತ್ತು, ಅವ್ವ ಆಡಿದಳು. ಅದಕ್ಕೆ ಮನೋಜ ಹೋದ ಅಂತಲೇ ನಾನು ಈಗಲೂ ನಂಬಿದ್ದೀನಿ. ನಂಬಿದರೆ ಸಿಟ್ಟು ಎಲ್ಲಿಗಾದರೂ ಹೋಗಬೇಕಲ್ಲ. ನಿಮ್ಮ ಮೇಲಿಂದ ತೆಗೆದರೆ ಅವ್ವನ ತಲೆ ಮೇಲೆ ಇಡಬೇಕು. ಎಪ್ಪತ್ತೆರಡು ವರ್ಷದ ಹೆಂಗಸು, ಕತ್ತಲಿಗೆ ಹೆದರಿದ್ದು ಬಿಟ್ಟರೆ ಇನ್ನೇನು ಮಾಡಿದಳು? ನಾನು ಅವತ್ತು ಜೊತೆಗೆ ಬರಲಾ ಅಂತ ಕೂಡ ಕೇಳಿರಲಿಲ್ಲ.

ಅದಕ್ಕೆ ತಪ್ಪು ನಿಮ್ಮದೇ ಆಗಿರಲಿ. ನೀವೇ ಹೊತ್ತುಕೊಳ್ಳಿ. ನೀವು ಗಂಡಸು, ದೂರದೂರಿನವರು, ನಮ್ಮ ಜೊತೆ ಒಂದೇ ಮನೆಯಲ್ಲಿ ಉಣ್ಣಬೇಕಾದವರಲ್ಲ. ನಾನು ಸೆಪ್ಟೆಂಬರಲ್ಲಿ ಕೇಳಿದ್ದನ್ನೇ ಈಗ ಮತ್ತೆ ಕೇಳ್ತಿದ್ದೀನಿ. ಆಗ ನಿಜ ಅಂದುಕೊಂಡು ಕೇಳಿದ್ದೆ. ಈಗ ಸುಳ್ಳು ಅಂತ ಗೊತ್ತಿದ್ದೇ ಕೇಳ್ತಿದ್ದೀನಿ. ಬಿಂದುಶ್ರೀ ಹೆಸರಿಗೇ ಬರೆಯಿರಿ. ಗಟ್ಟಿಯಾಗಿ ಬರೆಯಿರಿ, ನಂಬೋ ಹಾಗೆ.

ಇದಕ್ಕೆ ಬದಲು ನಿಮಗೇನೂ ಕೊಡೋದಿಲ್ಲ. ಕ್ಷಮೆ ಕೇಳೋಲ್ಲ. ಲೈಟು ಆರಿಸೋಲ್ಲ. ಹಳದಿ ಬಣ್ಣ ಕೆರೆಸೋಲ್ಲ. ಕೆರೆದರೂ ಕಲ್ಲು ಮೊದಲಿನ ಹಾಗಾಗಲ್ಲ ಅಂತ ಪೇಂಟಿನವನೇ ಹೇಳಿದ. ಗುಡಿಗೆ ಈಗ ಗ್ರಿಲ್ಲು, ಬೀಗ, ಟೈಮಿಂಗ್ ಬೋರ್ಡು ಬಂದಿದೆ. ನಾವೂ ಪೂಜಾರಿ ಬರೋವರೆಗೆ ಹೊರಗೆ ನಿಂತಿರಬೇಕು. ನಾನು ಮಾಡಿದ್ದು ನಾನು ನೋಡ್ತಾ ಇರ್ತೀನಿ.

ನಿಮ್ಮ ಹಿಂದಿನ ಕಾಗದ ಒಲೆಗೆ ಹಾಕಿದೆ.

ಬೈರಮ್ಮ

---

ಧಾರವಾಡ
2 ಜನವರಿ 2026

ಶ್ರೀಮತಿ ಬಿಂದುಶ್ರೀ ಅವರಿಗೆ,
(ಬೈರಮ್ಮನವರ ವಿಳಾಸಕ್ಕೆ)

ನಾನು ಕೈಲಾಸ್, ನೀವು ಜಯನಗರದಲ್ಲಿ ನೋಡಿದ ಚಿತ್ರ ಬರೆದವನು. ನಿಮ್ಮ ಅತ್ತೆಯವರು ಗುಡಿಗೆ ಬರುತ್ತಾರೆಂದು ಊರಿನಲ್ಲಿ ಯಾರೋ ಆಡಿಕೊಂಡದ್ದು ಕಿವಿಗೆ ಬಿತ್ತು. ಅಂಥ ದೃಶ್ಯ ಮತ್ತೆ ಸಿಗದೆಂಬ ದುರಾಸೆಗೆ ಮೂರು ಹುಣ್ಣಿಮೆಯೂ ಮುರಿದ ಕಂಬದ ಮರೆಯಲ್ಲಿ ಅಡಗಿ ಕೂತೆ. ಅವರು ತಲೆ ತಗ್ಗಿಸಿ ಬಂದರು, ತಲೆ ತಗ್ಗಿಸಿಯೇ ಹೋದರು. ಯಾರೊಂದಿಗೂ ಮಾತಾಡಲಿಲ್ಲ. ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಅವರ ಕಡೆಯಿಂದ ಹರಕೆಗೆ ಕೂದಲೆಳೆಯಷ್ಟೂ ಲೋಪವಾಗಿಲ್ಲ.

ನಾನು ಕದ್ದು ನೋಡಿದೆ. ನಿಮ್ಮ ಮನೆಗೆ ಆದದ್ದಕ್ಕೆ ಹೊಣೆ ನಾನು.

ಕೈಲಾಸ್

---

ಗೊಟ್ಟಿಗೆರೆ
20 ಜನವರಿ 2026

ಕೈಲಾಸ್ ಅವರಿಗೆ,

ನಿಮ್ಮ ಕಾಗದ ಸಂಕ್ರಾಂತಿ ಹಿಂದಿನ ದಿನ ಬಂತು. ಬಿಂದುಶ್ರೀ ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದಳು. ಎರಡನೇ ಸಲ ಓದುವಾಗ ಅತ್ತಳು. ಆಮೇಲೆ ನಿಮಗೆ ಶಾಪ ಹಾಕಿದಳು. ನಿಮ್ಮ ಕಣ್ಣು ಇಂಗಿಹೋಗಲಿ, ಕೈ ಬಿದ್ದುಹೋಗಲಿ, ಹಿಡಿದ ಕುಂಚಕ್ಕೆ ಹುಳ ಹಿಡಿಯಲಿ ಅಂದಳು. ನಾನೂ ಜೊತೆಗೆ ಅಂದೆ. ಅನ್ನದಿದ್ದರೆ ಅನುಮಾನ ಬರ್ತಿತ್ತು.

ಅವ್ವ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಂಡಳು. "ಸಾಕು ಬಿಡ್ರೇ, ಅವನನ್ನೂ ಒಬ್ಬಳು ಹೆತ್ತಿರ್ತಾಳೆ" ಅಂದಳು. ಬಿಂದುಶ್ರೀ ಹೋಗಿ ಅವಳ ಕಾಲು ಹಿಡಿದುಕೊಂಡು, ಇಂಥೋನ ಮೇಲೂ ನಿಮಗೆ ಕರುಣೆಯಾ ಅತ್ತೆ ಅಂತ ಮತ್ತೆ ಅತ್ತಳು. ಹಬ್ಬದ ದಿನ ಚೈತನ್ಯ ಎಳ್ಳು ಬೆಲ್ಲದ ತಟ್ಟೆ ಹಿಡಿದುಕೊಂಡು ಮೆಟ್ಟಿಲು ಇಳಿದು ಬಂತು. ಸಂಜೆ ಅವ್ವ ಅದಕ್ಕೆ ಪೊಂಗಲ್ ತುತ್ತು ಕೊಟ್ಟು ತಾನೂ ಉಂಡಳು. ಎರಡನೇ ಸಲ ಹಾಕಿಸಿಕೊಂಡಳು.

ಶಾಪದ ವಿಷಯ ಒಂದು ಹೇಳಬೇಕು. ಬಿಂದುಶ್ರೀ ಹೊಟ್ಟೆ ಉರಿದು ಹಾಕಿದ್ದು, ಅಂಥದ್ದು ತಟ್ಟುತ್ತೆ. ತಟ್ಟದ ಹಾಗೆ ನೋಡಿಕೋ ಅಂತ ಭೈರವೇಶ್ವರನ ಮುಂದೆ ಕೈ ಮುಗಿಯೋಕೆ ಎರಡು ಸಲ ಹೋದೆ. ಎರಡು ಸಲವೂ ಹಾಗೇ ವಾಪಸ್ ಬಂದೆ. ನಿಮ್ಮನ್ನು ಬಿಟ್ಟುಬಿಡು ಅಂತ ಬೇಡಿಕೊಂಡರೆ, ಹಾಗಾದರೆ ಯಾರನ್ನು ಹಿಡಿಯಲಿ ಅಂತ ಅವನು ಕೇಳ್ತಾನೆ.

ಇನ್ನು ಕಾಗದ ಬರೆಯಬೇಡಿ.

ಬೈರಮ್ಮ